ಏಳು ನಾಬುಗಳು

ನಾಸಿಕದ ಅಂಬಡ್‌ನ ಆ ಕಾರ್ಖಾನೆಯಲ್ಲಿ ಫ್ಯಾನಿನ ರೆಗ್ಯುಲೇಟರ್, ಕೂಲರಿನ ಸ್ವಿಚ್ಚು, ಕಾರಿನ ಎ.ಸಿ.ಗೆ ಕೂರಿಸುವ ನಾಬು ತಯಾರಾಗುತ್ತಿದ್ದವು. ಮನೋರಮಾ ಅಲ್ಲಿ ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಮುಂದೆ ಕೂತು ಒಂದೇ ಕೆಲಸ ಮಾಡಿದವಳು. ಟ್ರೇಯಿಂದ ನಾಬು ಎತ್ತುವುದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಸುತ್ತು ತಿರುಗಿಸುವುದು. ಸರಿಯಿದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಒಳಗಿನ ಸ್ಪ್ರಿಂಗ್ ಕೂದಲಿನಷ್ಟು ಸಡಿಲವಿದ್ದರೂ ಅವಳ ಬೆರಳಿಗೆ ತಿಳಿಯುತ್ತಿತ್ತು. ಪರೀಕ್ಷೆಯ ಯಂತ್ರ ಬಂದ ಮೇಲೂ ಸೂಪರ್‌ವೈಸರ್ ದತ್ತು ಅನುಮಾನದ ಮಾಲನ್ನು ಅವಳ ಹತ್ತಿರವೇ ಕಳಿಸುತ್ತಿದ್ದ. ಗಂಡನ ಜೊತೆ ಭಾಲ್ಕಿ ಕಡೆಯಿಂದ ನಾಸಿಕಕ್ಕೆ ಬಂದಿದ್ದಳು. ಅವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವಳ ಕೈಗೊಂದು ಹೆಸರಿತ್ತು, ಅಷ್ಟೇ.

ಅವಳ ತಮ್ಮ ಶಶಿಕಾಂತ ಸಂಭಾಜಿನಗರದಲ್ಲಿ ಬ್ಯಾಂಕಿನ ಗುಮಾಸ್ತ. ಅವನ ಒಬ್ಬಳೇ ಮಗಳು ಅಶ್ವಿನಿಗೆ ಪೈಲಟ್ ಆಗುವ ಹಂಬಲ. ಚಿಕ್ಕವಳಿದ್ದಾಗ ರಜೆಗೆ ಅತ್ತೆಯ ಮನೆಗೆ ಬಂದರೆ ಓಝರ್ ವಿಮಾನ ನಿಲ್ದಾಣದ ಕಡೆಯಿಂದ ಏಳುವ ವಿಮಾನ ನೋಡಲು ಮಾಳಿಗೆಯಿಂದ ಇಳಿಯುತ್ತಲೇ ಇರಲಿಲ್ಲ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಪುಸ್ತಕದ ಪರೀಕ್ಷೆಗಳನ್ನೆಲ್ಲ ಮುಗಿಸಿದಳು. ಆದರೆ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣಿನ ದೋಷ ಹೊರಬಿತ್ತು. ಕಣ್ಣಿನ ಮುಂದಿನ ಪೊರೆ ತೆಳ್ಳಗಾಗುತ್ತಾ ಉಬ್ಬುತ್ತಿದೆ, ಕನ್ನಡಕದಿಂದ ಸರಿಹೋಗುವುದಲ್ಲ ಎಂದರು. ವಿಮಾನದ ಬಾಗಿಲು ಅಲ್ಲಿಗೆ ಮುಚ್ಚಿತು.

ನಾಲ್ಕು ತಿಂಗಳು ಹುಡುಗಿ ಮನೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ಒಂದು ದಿನ ಮಾಳಿಗೆಯ ಕೋಣೆಯಲ್ಲಿ ಪ್ಲೈವುಡ್ ಕೊಯ್ಯಲು ಶುರುಮಾಡಿದಳು. ಕಂಪ್ಯೂಟರ್ ಪರದೆಯ ಮುಂದೆ ಸಣ್ಣ ವಿಮಾನದ ಕಾಕ್‌ಪಿಟ್ಟನ್ನು ತಾನೇ ಕಟ್ಟುತ್ತೇನೆ ಎಂದಳು. ಮಾತಾಡಿದಳಲ್ಲ ಎಂಬ ಸಮಾಧಾನದಲ್ಲಿ ಶಶಿಕಾಂತ ಹೂಂ ಎಂದ.

ಸಂಕ್ರಾಂತಿಯ ಮರುವಾರ ಅವಳು ಮನೋರಮಾಗೆ ಫೋನ್ ಮಾಡಿದಳು.

“ಆತ್ಯಾ, ನಂಗ ಏಳು ನಾಬ್ ಪಾಹಿಜೆ, ಬೇಕೇ ಬೇಕು. ಐದು ಸುತ್ತಿದಷ್ಟೂ ಸುತ್ತಬೇಕು, ಕ್ಲಿಕ್ ಕ್ಲಿಕ್ ಅನ್ನಬೇಕು. ದಿಕ್ಕಿಗೆ ಒಂದು, ಎತ್ತರಕ್ಕ ಒಂದು, ಹಂಗ. ಇನ್ನೆರಡು ರೇಡಿಯೊ ವಾಲ್ಯೂಮ್‌ದಂಗ ಕಡೀಕ ನಿಂದರಬೇಕು.”

“ಆನ್‌ಲೈನ್‌ನಾಗ ಸಿಗಂಗಿಲ್ಲೇನು?”

“ತರಿಸಿದ್ದೆ. ಅಗ್ಗದ್ದು ಒಂದು ಕ್ಲಿಕ್‌ಗೆ ಎರಡು ಡಿಗ್ರಿ ಹಾರ್ತದ. ತಯಾರ್ ಪ್ಯಾನಲ್ ತಗೊಂಡ್ರ ಪಪ್ಪಾನ ಒಂದು ಪಗಾರ ಪೂರಾ ಹೋಗ್ತದ. ಸ್ಕ್ರೀನ್ ಮ್ಯಾಲಿನ ಸಣ್ಣ ಅಂಕಿ ನಂಗ ಧುರಕಟ್, ಮಸಕ ಮಸಕ ಕಾಣ್ತದ. ಹತ್ತು ಕ್ಲಿಕ್ ಅಂದ್ರ ಹತ್ತು ಡಿಗ್ರಿ, ಕೈಯಾಗ ಎಣಿಸ್ಕೋತೀನಿ. ನೀ ಆರಿಸಿಕೊಡು. ನಿನ್ನಂಥ ಕೈ ಯಾರದೂ ಇಲ್ಲ.”

ಮನೋರಮಾ ಆಯ್ತು ಎಂದಳು.

ಅವಳಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೊದಲು ಪಾದ ಮರಗಟ್ಟಿದವು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಪೂಜೆಗೆ ಕೂತಾಗ, ಎಡ ಅಂಗೈಯಲ್ಲಿಟ್ಟ ಲಿಂಗದ ತಂಪು ತಿಳಿಯಲಿಲ್ಲ. ನೀರು ಹಾಕಿದಳು, ತಿಳಿಯಲಿಲ್ಲ. ಬಲಗೈ ಬೆರಳಿಂದ ಮುಟ್ಟಿದಳು, ಅದೂ ಬಟ್ಟೆಯ ಮೇಲಿಂದ ಮುಟ್ಟಿದಂತಿತ್ತು. ಅವತ್ತಿನಿಂದ ಕಾರ್ಖಾನೆಯಲ್ಲಿ ಅವಳು ನಾಬನ್ನು ಕಿವಿಗೆ ಹತ್ತಿರ ಹಿಡಿದು ತಿರುಗಿಸತೊಡಗಿದಳು. ಯಂತ್ರಗಳ ಗದ್ದಲದಲ್ಲಿ ಅದೂ ಅರ್ಧ ಊಹೆಯೇ. ಯಾರಿಗೂ ಹೇಳಲಿಲ್ಲ. ಕೈ ಹೋಯಿತು ಎಂದರೆ ಆ ಮೇಜಿನ ಮುಂದೆ ತನಗೇನು ಕೆಲಸ?

ಭಾನುವಾರ ನಾಸಿಕದ ಹಳೇ ಪೇಟೆಗೆ ಹೋದಳು. ಬಿಡಿಭಾಗದ ಅಂಗಡಿಯ ಶಬಾನಾ ಗಾಜಿನ ಮೇಲೆ ಮೂರು ಡಬ್ಬಿ ತೆರೆದಿಟ್ಟಳು. ಮೊದಲನೆಯದು ಪ್ಲಾಸ್ಟಿಕ್ ದಂಡದ್ದು, ಚಹಾದ ಬೆಲೆ. ಎರಡನೆಯದು ಲೋಹದ ದಂಡದ್ದು, ಮೇಲಿಂದ ಒತ್ತಲೂ ಬರುತ್ತಿತ್ತು. ಮೂರನೆಯದು ಒಂದರೊಳಗೊಂದು ಎರಡು ನಾಬು ಕೂಡಿದ್ದು, ಬೆಲೆ ಕೇಳಿಯೇ ಮನೋರಮಾ ಅದನ್ನು ಬದಿಗೆ ಸರಿಸಿದಳು.

ಉಳಿದ ಎರಡು ಡಬ್ಬಿಯ ಮಾಲನ್ನು ಒಂದೊಂದಾಗಿ ತಿರುಗಿಸಿದಳು. ನಾಬು ತಿರುಗುವುದು ಕಾಣುತ್ತಿತ್ತು, ಬೆರಳಿಗೆ ಏನೂ ಬರುತ್ತಿರಲಿಲ್ಲ. ಹೊರಗೆ ಬೀದಿಯಲ್ಲಿ ಹಾರ್ನುಗಳ ಹೊಯ್ಲು, ಕಿವಿಯೂ ಕೆಲಸಕ್ಕೆ ಬರಲಿಲ್ಲ. ಶಬಾನಾ ಅವಳನ್ನೇ ನೋಡುತ್ತಿದ್ದಳು. ಮನೋರಮಾ ಮತ್ತೆ ತಿರುಗಿಸಿದಳು, ತಲೆಯಾಡಿಸಿದಳು, ಲೋಹದ ದಂಡದ್ದರಲ್ಲಿ ಕೈಗೆ ಸಿಕ್ಕ ಐದನ್ನು ಎತ್ತಿ “ಯೇ ಅಚ್ಛೇ ಹೈಂ” ಎಂದಳು. ಎರಡು ವಾಲ್ಯೂಮ್ ಕೂಡಿಸಿ ಏಳು.

ಮುಂದಿನ ಶನಿವಾರ ಬಸ್ಸಿನಲ್ಲಿ ಅವನ್ನು ಸಂಭಾಜಿನಗರಕ್ಕೆ ಒಯ್ದಳು. ಮಾಳಿಗೆಯ ಕೋಣೆಯಲ್ಲಿ ಅಶ್ವಿನಿ ಪ್ಲೈವುಡ್ಡಿಗೆ ಏಳು ತೂತು ಕೊರೆದು ಕಾದಿದ್ದಳು. ನಟ್ಟು ಬಿಗಿದು, ತಂತಿ ಬೆಸೆದು, ಪರದೆ ಹಚ್ಚಿದಳು. ಮುಖವನ್ನು ಪರದೆಗೆ ಒಂದು ಗೇಣು ಹತ್ತಿರ ಒಯ್ದು, ದಿಕ್ಕಿನ ನಾಬನ್ನು ಹತ್ತು ಕ್ಲಿಕ್ ತಿರುಗಿಸಿದಳು. ಅಂಕಿ ಹದಿನಾಲ್ಕಕ್ಕೆ ಹೋಗಿ ನಿಂತಿತು. ಮತ್ತೆ ಹತ್ತು ತಿರುಗಿಸಿದಾಗ ಏಳೇ ಮುಂದೆ ಹೋಯಿತು. ಎತ್ತರದ ನಾಬಿಗೆ ಕ್ಲಿಕ್ಕೇ ಇರಲಿಲ್ಲ, ಎಣ್ಣೆಯಲ್ಲಿ ಅದ್ದಿದ ಹಾಗೆ ಜಾರುತ್ತಿತ್ತು.

“ಅಗ್ಗದ ಮಾಲು ಅಷ್ಟೇ,” ಎಂದು ಶಶಿಕಾಂತ ಬಾಗಿಲಿಂದಲೇ ಹೇಳಿ ಕೆಳಗೆ ಹೋದ.

ಅಶ್ವಿನಿ ನಾಬನ್ನು ಬಿಚ್ಚಿ ಅತ್ತೆಯ ಕೈಗಿಟ್ಟಳು. “ಆತ್ಯಾ, ಇದ್ರಾಗ ಕ್ಲಿಕ್ ಇಲ್ಲ. ನಿಂಗ ತಿಳಿಲಿಲ್ಲೇನು?”

“ಅಂಗಡ್ಯಾಗ ಇತ್ತು. ಬರೋವಾಗ ಬಸ್ಸಿನಾಗ ಕುಲುಕಿರಬೇಕು.”

ಹುಡುಗಿ ಅವಳ ಬಲಗೈಯ ಬೆರಳುಗಳನ್ನು ಬಿಡಿಸಿ ಹಿಡಿದು, “ಕಣ್ಣು ಮುಚ್ಚು. ಯಾವ ಬಟ್ಟಿಗಿ ಪೆನ್ನಿಂದ ಚುಚ್ಚಲತ್ತೀನಿ, ಹೇಳು,” ಎಂದಳು.

ಮನೋರಮಾ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, “ನಡುಬಟ್ಟು,” ಎಂದಳು.

“ನಾ ಇನ್ನೂ ಮುಟ್ಟೇ ಇಲ್ಲ.”

ಮನೋರಮಾ ಕಣ್ಣು ತೆರೆಯಲಿಲ್ಲ. ಅಶ್ವಿನಿಯೇ ಮಾತಾಡಿದಳು.

“ನಾನೂ ಹಂಗೇ ಮಾಡಿದ್ದೆ. ಕಣ್ಣಿನ ಬೋರ್ಡ್ ಮ್ಯಾಲಿನ ಅಕ್ಷರ ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಡಾಕ್ಟರು ಎಲ್ಲಾ ಕೇಳಿದ್ರು. ಆಮ್ಯಾಲ ಬೋರ್ಡ್ ಬದಲಿ ಮಾಡಿದ್ರು.”

ಆಗ ಮನೋರಮಾ ಅತ್ತಳು. ಗಂಡ ಸತ್ತಾಗಲೂ ಮಂದಿಯ ಮುಂದೆ ಅಷ್ಟು ಅತ್ತವಳಲ್ಲ. ಹುಡುಗಿ ಹಿಡಿದ ಕೈ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಮತ್ತೆ ಅದೇ ಕೆಲಸಕ್ಕೆ ಕೂತರು. ಕೈ ಹೋಗಿತ್ತು, ಕಲಿತದ್ದು ಹೋಗಿರಲಿಲ್ಲ.

“ದಂಡ ಲೋಹದ್ದೇ ಇರಲಿ. ಹಿಡಿದು ಅಲುಗಾಡಿಸಿದ್ರ ಆಡಬಾರದು,” ಎಂದಳು ಮನೋರಮಾ. “ಕೂಡಿದ ನಾಬಿನ ಆಸಿ ಬಿಡು. ಒತ್ತೂ ನಾಬು ಸಾಕು. ಒಮ್ಮಿ ಒತ್ತಿದ್ರ ದೊಡ್ಡ ಹೆಜ್ಜಿ, ಮತ್ತೊಮ್ಮಿ ಒತ್ತಿದ್ರ ಸಣ್ಣ ಹೆಜ್ಜಿ. ಐದು ಬೇಕಂದ್ರ ಹತ್ತು ತರಬೇಕು. ಒಂದೊಂದನ್ನೂ ಕಂಪ್ಯೂಟರಿಗಿ ಹಚ್ಚಿ ಇನ್ನೂರು ಕ್ಲಿಕ್ ತಿರುಗಿಸು. ಒಂದು ಎಣಿಕಿ ತಪ್ಪಿದ್ರೂ ತಗದು ಒಗಿ. ನನ್ನ ಬಟ್ಟಿನ ಮ್ಯಾಲ ಭರೋಸಾ ಇಡಬ್ಯಾಡ.”

ಹತ್ತು ನಾಬು ತರಿಸಿ, ನಾಲ್ಕನ್ನು ಒಗೆದು, ಐದನ್ನು ಕೂರಿಸಿ, ಉಳಿದ ಒಂದನ್ನು ಎತ್ತಿಟ್ಟರು. ಎಣಿಕೆ ಸರಿಬಂತು.

ಮನೋರಮಾ ಅಂಬಡ್‌ಗೆ ಮರಳಿದ ವಾರ ಕಾರ್ಖಾನೆಗೆ ಒಂದು ಲಾಟು ಮಾಲು ವಾಪಸ್ ಬಂತು. ಮೂರು ಪೆಟ್ಟಿಗೆ, ಎಲ್ಲ ಸಡಿಲ. ಪೆಟ್ಟಿಗೆಯ ಮೇಲಿನ ತಾರೀಕು ದೀಪಾವಳಿಯ ಈಚಿನದು, ಅವಳೇ ಸರಿಯೆಂದು ಬಲಕ್ಕಿಟ್ಟ ಮಾಲು. ದತ್ತು ಯಂತ್ರದ ಹುಡುಗಿಯರನ್ನು ಬೈಯುತ್ತಿದ್ದ. ಮನೋರಮಾ ಎದ್ದು ಹೋಗಿ, ತಪ್ಪು ಅವರದಲ್ಲ, ನನ್ನದು ಎಂದಳು. ಕೈಯ ಸಂಗತಿಯನ್ನೂ ಹೇಳಿದಳು. ದತ್ತು ಹುಡುಗಿಯರನ್ನು ಕೆಲಸಕ್ಕೆ ಕಳಿಸಿದ. ಆಮೇಲೆ, “ಮನೋರಮಾಬಾಯಿ, ಇದನ್ನು ನೀವು ನನಗೆ ಹೇಳಬಾರದಿತ್ತು,” ಎಂದು ಮರಾಠಿಯಲ್ಲಿ ಹೇಳಿ, ಅವಳನ್ನು ಪ್ಯಾಕಿಂಗಿಗೆ ಹಾಕಿದ.

ಅಲ್ಲಿ ಆರು ವಾರ ನಡೆಯಿತು. ಒಂದು ಮಧ್ಯಾಹ್ನ ರಟ್ಟಿನ ಪೆಟ್ಟಿಗೆಗಳ ಮೇಲೆ ರಕ್ತದ ಗುರುತು ಕಂಡಿತು. ಟೇಪು ಕತ್ತರಿಸುವ ಬ್ಲೇಡು ಅವಳ ಹೆಬ್ಬೆರಳನ್ನು ಸೀಳಿತ್ತು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ಮಾರ್ಚ್ ಮುಗಿದ ಮೇಲೆ ಬರಬೇಡಿ ಎಂದರು. ಬೀಳ್ಕೊಡುವಾಗ ಒಂದು ಸ್ಟೀಲಿನ ಡಬ್ಬಿ ಕೊಟ್ಟರು.

ಏಪ್ರಿಲ್‌ನಲ್ಲಿ ಸಂಭಾಜಿನಗರಕ್ಕೆ ಹೋದಾಗ ಕಾಕ್‌ಪಿಟ್ ಮುಗಿದಿತ್ತು. ಅಶ್ವಿನಿಯ ಎಡಗಣ್ಣಿನ ದೃಷ್ಟಿ ಇನ್ನಷ್ಟು ಇಳಿದಿತ್ತು. ಆಪರೇಶನ್ ಮಾಡಿದರೆ ಇದ್ದಷ್ಟು ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಅತ್ತೆಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಅವಳು ಓಝರ್‌ನಿಂದ ಪರದೆಯ ವಿಮಾನ ಎಬ್ಬಿಸಿದಳು. ಬೆರಳಲ್ಲೇ ಕ್ಲಿಕ್ ಎಣಿಸಿ ಪೂರ್ವಕ್ಕೆ ತಿರುಗಿದಳು. ಬಹಳ ಹೊತ್ತು ಬರೀ ಕಂದು ನೆಲ. ಆಮೇಲೆ ಒಂದು ಗುಡ್ಡದ ಗಂಟು ಬಂತು.

“ದೌಲತಾಬಾದ್,” ಎಂದಳು ಅಶ್ವಿನಿ.

ಪರದೆಯಲ್ಲಿ ಅದರ ಕೋಟೆ ಇರಲಿಲ್ಲ, ಮೊಂಡು ಗುಡ್ಡವಷ್ಟೇ. ಮುಂದೆ ಸಂಭಾಜಿನಗರ ಹತ್ತಿರವಾಗುತ್ತಿದ್ದಂತೆ ಮನೋರಮಾ ಪರದೆಯತ್ತ ಬಾಗಿದಳು.

“ನಿಮ್ಮ ಮನಿ ಎಲ್ಲ್ಯದ?”

“ಇದ್ರಾಗ ಮನಿ ಇರಲ್ಲ ಆತ್ಯಾ. ಬರೀ ರೋಡು.”

ಆ ರೋಡುಗಳ ಮೇಲೆ ಒಂದು ಗಾಡಿಯೂ ಇರಲಿಲ್ಲ. ಅಶ್ವಿನಿ ಎತ್ತರ ಇಳಿಸುತ್ತಾ, ಒಂದೊಂದೇ ಕ್ಲಿಕ್ಕನ್ನು ಅತ್ತೆಗೂ ಕೇಳುವಂತೆ ಮರಾಠಿಯಲ್ಲಿ ಎಣಿಸತೊಡಗಿದಳು.