ಔನ್ಸಿನ ಎರಡು ಎಂಎಲ್

ನಯಾಪೈಸೆ ಬಂದು ಬಸ್ಸಿನ ಕಂಡಕ್ಟರುಗಳ ಜತೆ ಜನ ಜಗಳ ಮಾಡಿ ಮುಗಿಸಿದ ಮೇಲೆ ಆಸ್ಪತ್ರೆಯ ಮದ್ದಿನ ಕೋಣೆಗೂ ಹೊಸ ಅಳತೆ ಬಂತು. ಆಗ ನಾನು ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಕಂಪೌಂಡರ್. ಕುಲಶೇಖರದಿಂದ ಬೆಳಿಗ್ಗೆಯ ಬಸ್ಸಿಗೆ ಬಂದು ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿದರೆ, ಆ ವಯಸ್ಸಿನಲ್ಲಿ ನಾನು ನನ್ನನ್ನು ತುಂಬ ಇಂಪಾರ್ಟೆಂಟ್ ಎಂದು ತಿಳಿದಿದ್ದೆ.

ಮದ್ದಿನ ಕೋಣೆಯಲ್ಲಿ ನಾವು ಮೂವರು. ಹಿರಿಯರು ಸುರತ್ಕಲ್ ಕಡೆಯ ಗದ್ದೆಮನೆಯವರು, ತುಳು ಮಾತಿನವರು, ನನ್ನ ಅಪ್ಪನಿಗಿಂತಲೂ ದೊಡ್ಡವರು. ಪರೀಕ್ಷೆ ಪಾಸು ಮಾಡಿ ಬಂದವರಲ್ಲ, ಒಬ್ಬ ಡಾಕ್ಟರ ಬಳಿ ನಿಂತು ಕಲಿತವರು. ಎಲ್ಲರಿಗೂ ಅವರು ಅಣ್ಣ. ಇನ್ನೊಬ್ಬರು ಬಂದರಿನಲ್ಲಿ ಅಂಗಡಿಯಿದ್ದ ಬ್ಯಾರಿ ಮನೆತನದವರು. ಅಣ್ಣ ಅವರನ್ನು ಸಾವ್ಕಾರ್ರೇ ಎಂದು ಕರೆಯುತ್ತಿದ್ದರು, ನನ್ನನ್ನು ಬಾಯಮ್ಮ.

ಮದ್ದು ಕೊಡುವ ಕಿಟಕಿ ಅಣ್ಣನದು. ಜನ ಮನೆಯಿಂದಲೇ ಬಾಟಲಿ ತರುತ್ತಿದ್ದ ಕಾಲ. ಶರಬತ್ತಿನದು, ವಿನೆಗರಿನದು, ಕೆಲವೊಮ್ಮೆ ಬ್ರಾಂಡಿಯದೂ. ಅಣ್ಣ ಮಿಕ್ಸ್‌ಚರ್ ತುಂಬಿಸಿ, ಅದರ ಮಟ್ಟಕ್ಕೆ ಸರಿಯಾಗಿ ಕಾಗದದ ಪಟ್ಟಿಯೊಂದನ್ನು ಮಡಿಸಿ ಅಂಚಿನಲ್ಲಿ ಕಚ್ಚುಗಳನ್ನು ಕತ್ತರಿಸಿ, ಗೋಂದು ಹಚ್ಚಿ ಬಾಟಲಿಗೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಮದ್ದು, ಒಂದು ಔನ್ಸ್. ಓದಲು ಬಾರದವರಿಗೂ ಅದು ತಿಳಿಯುತ್ತಿತ್ತು. ಅವರೆಲ್ಲ ಅಣ್ಣನನ್ನು ಡಾಕ್ಟ್ರೇ ಎನ್ನುತ್ತಿದ್ದರು. ಅಣ್ಣ ತಿದ್ದಿದ್ದನ್ನು ನಾನು ಕೇಳಿಲ್ಲ.

ಹೊಸ ಅಳತೆ ಕಲಿಸಲು ಮದ್ರಾಸಿನಿಂದ ಒಬ್ಬರು ಸಿಸ್ಟರ್ ಬಂದರು, ಫಾರ್ಮಸಿ ಓದಿದವರು. ಶನಿವಾರ ಮಧ್ಯಾಹ್ನ ಓಪಿ ಮುಗಿದ ಮೇಲೆ ನರ್ಸುಗಳ ಕ್ಲಾಸ್‌ರೂಮಿನಲ್ಲಿ ನಮಗೆ ಪಾಠ. ಕೊನೆಗೆ ಟೆಸ್ಟ್. ಪಾಸಾಗದವರು ಹಿಂಬದಿಯ ಸ್ಟೋರ್‌ರೂಮಿಗೆ ಎಂದು ಆಸ್ಪತ್ರೆಯ ಮುಖ್ಯಸ್ಥೆ ಮದರ್ ಮೊದಲೇ ಹೇಳಿಬಿಟ್ಟಿದ್ದರು.

“ಸ್ಟೋರಿನಲ್ಲಿ ಒಳ್ಳೆಯ ಗಾಳಿ ಉಂಟು ಅಣ್ಣ” ಎಂದರು ಬ್ಯಾರಿ.

“ಗಾಳಿ ನೀವೇ ತಕ್ಕೊಳ್ಳಿ ಸಾವ್ಕಾರ್ರೇ. ಅಲ್ಲಿ ನನ್ನ ಮುಖ ಯಾರು ನೋಡ್ತಾರೆ? ಹತ್ತಿಯ ಕಟ್ಟು ನೋಡ್ತದೆ.”

ತಮಾಷೆಯಾಗಿಯೇ ಹೇಳಿದರು. ಆದರೆ ಆಮೇಲೆ ಚಹಾಕ್ಕೆ ಬರಲಿಲ್ಲ.

ಗೋಡೆಯ ಚಾರ್ಟಿನಲ್ಲಿ ಒಂದು ಡ್ರಾಮ್ ಅಂದರೆ ನಾಲ್ಕು ಎಂಎಲ್, ಒಂದು ಔನ್ಸ್ ಅಂದರೆ ಮೂವತ್ತು ಎಂಎಲ್ ಎಂದು ಬರೆದಿತ್ತು. ಅಣ್ಣ ಅದನ್ನು ತುಂಬ ಹೊತ್ತು ನೋಡಿದರು.

“ಎಂಟು ಡ್ರಾಮಿಗೆ ಒಂದು ಔನ್ಸ್ ಅಲ್ವಾ ಬಾಯಮ್ಮ? ಎಂಟು ನಾಲ್ಕಲಿ ಮೂವತ್ತೆರಡು. ಇಲ್ಲಿ ಮೂವತ್ತು ಬರ್ದಿದ್ದಾರೆ. ಎರಡು ಎಂಎಲ್ ಎಲ್ಲಿ ಹೋಯ್ತು?”

ನಾನು ಸಿಸ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಾಳ್ಮೆಯಿಂದಲೇ ಉತ್ತರಿಸಿದರು. ಎರಡೂ approximate, ಲೆಕ್ಕಕ್ಕೆ ಸುಲಭವಾಗಲಿ ಎಂದು ಮಾಡಿದ್ದು. ಹಳೆಯದರಿಂದ ಹೊಸದಕ್ಕೆ ಹೋಗಬೇಡಿ, ಹೊಸದರಲ್ಲೇ ಅಳೆಯಿರಿ. ಅವರು ಹೇಳಿದ್ದು ಸರಿಯೇ ಇತ್ತು. ನಾನು ಅದನ್ನು ‘ಅಂದಾಜು’ ಎಂದು ಅಣ್ಣನಿಗೆ ದಾಟಿಸಿದೆ.

“ಮದ್ದಿನಲ್ಲಿ ಅಂದಾಜು ಉಂಟಾ?” ಎಂದರು ಅಣ್ಣ.

“ನಮ್ಮ ಅಂಗಡಿಯಲ್ಲಿ ಉಂಟು” ಎಂದರು ಬ್ಯಾರಿ. “ಸೇರು ಹೋಗಿ ಕಿಲೋ ಬಂತಲ್ಲ, ನಡುವೆ ಉಳಿದದ್ದು ನಮಗೆ.”

ಆ ಎರಡು ಎಂಎಲ್ ಅಣ್ಣನನ್ನು ಬಿಡಲಿಲ್ಲ. ಅಭ್ಯಾಸಕ್ಕೆಂದು ಸಿಸ್ಟರ್ ಹೊಟ್ಟೆಯುಬ್ಬರಕ್ಕೆ ಕೊಡುವ ಕಾರ್ಮಿನೇಟಿವ್ ಮಿಕ್ಸ್‌ಚರ್ ನೂರಿಪ್ಪತ್ತು ಎಂಎಲ್ ಮಾಡಲು ಹೇಳಿದರು. ಅಣ್ಣ ಅದನ್ನು ಮನಸ್ಸಿನಲ್ಲೇ ನಾಲ್ಕು ಔನ್ಸ್ ಮಾಡಿಕೊಂಡರು, ಔನ್ಸನ್ನು ಡ್ರಾಮ್ ಮಾಡಿದರು, ಡ್ರಾಮನ್ನು ತಿರುಗಿ ಎಂಎಲ್ ಮಾಡಿದರು. ಅಷ್ಟರಲ್ಲಿ ನೂರಿಪ್ಪತ್ತು ಹೋಗಿ ನೂರಿಪ್ಪತ್ತೆಂಟಾಗಿತ್ತು. ಅಷ್ಟಕ್ಕೆ ನೀರು ಹಾಕಿದರು. ಬಾಟಲಿಯ ಕುತ್ತಿಗೆ ದಾಟಿ ಮದ್ದು ಮೇಜಿಗೆ ಇಳಿಯಿತು.

“ನಮ್ಮ ಬಂದರಿನ ಹಾಲಿನವನೂ ಇಷ್ಟು ನೀರು ಹಾಕುದಿಲ್ಲ ಮಾರಾಯ್ರೇ” ಎಂದರು ಬ್ಯಾರಿ.

ಅಣ್ಣ ಬಟ್ಟೆ ತಂದು ಮೇಜು ಒರೆಸಿದರು. ಸಿಸ್ಟರ್ ಏನೋ ಬರೆದುಕೊಂಡರು. ಟೆಸ್ಟಿಗೆ ಇನ್ನು ಒಂದೇ ವಾರ ಇತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕೊಂಕಣಿ ಮಾತಾಡಿ ಸಿಕ್ಕಿಬಿದ್ದವಳ ಕೈಗೆ ಒಂದು ಮರದ ತುಂಡು ಕೊಡುತ್ತಿದ್ದರು. ಇನ್ನೊಬ್ಬಳು ಸಿಕ್ಕಿಬೀಳುವ ತನಕ ಅದು ಅವಳದು. ಡೋಂಟ್ ಟ್ರಾನ್ಸ್‌ಲೇಟ್, ಚೈಲ್ಡ್, ಥಿಂಕ್ ಇನ್ ಇಂಗ್ಲಿಷ್ ಎನ್ನುತ್ತಿದ್ದರು. ಗೇಟ್ ದಾಟಿದ ಕೂಡಲೇ ನಾವೆಲ್ಲ ಕೊಂಕಣಿಯಲ್ಲಿ ಹರಟುತ್ತಿದ್ದೆವು. ಆದರೂ ಇಂಗ್ಲಿಷ್ ಬಂತು. ಬೇರೆ ಉಪಾಯ ನನಗೆ ಗೊತ್ತಿರಲಿಲ್ಲ, ಅದನ್ನೇ ಅಣ್ಣನ ಮೇಲೆ ಪ್ರಯೋಗಿಸಿದೆ. ಅವರ ಔನ್ಸಿನ ಗ್ಲಾಸನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಹೊಸ ಗ್ಲಾಸಿನಲ್ಲಿ ನೀರು ಹಿಡಿದೆ.

“ಇದು ಮೂವತ್ತು. ಇದಕ್ಕೆ ಬೇರೆ ಹೆಸರಿಲ್ಲ.”

“ಹೆಸರು ಉಂಟಲ್ಲ ಬಾಯಮ್ಮ, ನಿಮಗೂ ಗೊತ್ತುಂಟು.”

“ನನಗೆ ಗೊತ್ತಿಲ್ಲ ಅಣ್ಣ. ನೀವೂ ಗೊತ್ತಿಲ್ಲ ಹೇಳಿ.”

ಅವರು ಹೇಳಲಿಲ್ಲ. ಆದರೆ ವಾರವಿಡೀ ಮಧ್ಯಾಹ್ನ ಕಿಟಕಿ ಮುಚ್ಚಿದ ಮೇಲೆ ನೀರು ಹೊಯ್ದರು, ಚೆಲ್ಲಿದರು, ಮತ್ತೆ ಹೊಯ್ದರು. ತುಟಿ ಅಲ್ಲಾಡಿದರೆ ನಾನು ಮೇಜಿಗೆ ಪೆನ್ಸಿಲಿನಿಂದ ಬಡಿಯುತ್ತಿದ್ದೆ. ತುಟಿ ಅಲ್ಲಾಡಿತೆಂದರೆ ಒಳಗೆ ಡ್ರಾಮಿನ ಲೆಕ್ಕ ನಡೆದಿದೆ ಎಂದೇ ಅರ್ಥ.

ಟೆಸ್ಟಿನ ದಿನ ಅವರಿಗೆ ಬಂದದ್ದೂ ನೂರಿಪ್ಪತ್ತು ಎಂಎಲ್. ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ತುಟಿ ಅಲ್ಲಾಡಲಿಲ್ಲ. ಮದ್ದು ಬಾಟಲಿಯ ಕುತ್ತಿಗೆಯ ಕೆಳಗೇ ನಿಂತಿತು. ಸಿಸ್ಟರ್ ತಲೆಯಾಡಿಸಿದರು. ಆಮೇಲೆ, ಬಾಯಿಪರೀಕ್ಷೆಯೂ ಇರಲಿ ಎಂದೋ ಏನೋ, ಒಂದು ಔನ್ಸಿಗೆ ಎಷ್ಟು ಎಂಎಲ್ ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಮೂವತ್ತು ಎಂದರೆ ಮುಗಿಯಿತು. ಮೂವತ್ತು ಎನ್ನಲು ಅಣ್ಣನ ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಣ್ಣ ಗ್ಲಾಸನ್ನು ಮೇಜಿನ ಮೇಲಿಟ್ಟರು.

“ಔನ್ಸ್ ಅಂದ್ರೆ ಎಂತದು ಸಿಸ್ಟರ್? ನನಗೆ ಗೊತ್ತಿಲ್ಲ.”

ಬ್ಯಾರಿ ಕೆಮ್ಮಿದರು. ನಾನು ಅನುವಾದಿಸುವ ಮೊದಲೇ ಸಿಸ್ಟರಿಗೆ ಅರ್ಥವಾಯಿತು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಣ್ಣ ನಗಲಿಲ್ಲ. ಪಾಸಾಯಿತು ಎಂದ ಮೇಲೂ ಕೈ ಒರೆಸಿಕೊಳ್ಳುತ್ತಾ ಹೊರಗೆ ಹೋಗಿ, ಜಗಲಿಯಲ್ಲಿ ಒಬ್ಬರೇ ನಿಂತರು.

ಸೋಮವಾರ ಕಿಟಕಿಯಲ್ಲಿ ಅವರೇ ಇದ್ದರು. ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ಬಾಟಲಿ ಒಡ್ಡಿದಳು. ಅಣ್ಣ ಹೊಸ ಗ್ಲಾಸಿನಲ್ಲಿ ಅಳೆದು ಹೊಯ್ದು, ಪಟ್ಟಿ ಕತ್ತರಿಸಿ ಅಂಟಿಸಿದರು.

“ಹೊತ್ತಿಗೆ ಒಂದು ಔನ್ಸ್ ಅಲ್ವಾ ಡಾಕ್ಟ್ರೇ?”

ಅಣ್ಣ ಹಿಂದೆ ತಿರುಗಿ ನೋಡಿದರು. ಸಿಸ್ಟರ್ ಇರಲಿಲ್ಲ. ನಾನಿದ್ದೆ, ಕೈಯಲ್ಲಿ ಪೆನ್ಸಿಲೂ ಇತ್ತು. ಬಡಿಯಲಿಲ್ಲ.

“ಹೌದು. ಒಂದು ಔನ್ಸ್” ಎಂದರು ಅಣ್ಣ, ಸ್ವಲ್ಪ ಮೆಲ್ಲಗೆ.