ಶಬ್ದ ಮಾಡದ ಬ್ರೇಕು

ಕೊರೊನಾ ಇಳಿದ ಮರುವರ್ಷದ ಮಾತು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ನನ್ನ ಸೈಕಲ್ ಅಂಗಡಿಗೆ ಆಗ ಇಪ್ಪತ್ತಾರು ವರ್ಷ. ಯಜಮಾನ, ಮೆಕ್ಯಾನಿಕ್, ಕಸ ಗುಡಿಸುವವ ಎಲ್ಲ ನಾನೇ. ಮೊದಲೆಲ್ಲ ನಮ್ಮಲ್ಲಿ ಸೈಕಲ್ ಎಂದರೆ ಶಾಲೆಗೆ ಹೋಗುವವರದ್ದು, ಮೀನು ಮಾರುವವರದ್ದು. ಲಾಕ್‌ಡೌನ್ ಮುಗಿದದ್ದೇ ತಡ, ನಲವತ್ತು ದಾಟಿದ ಗಂಡಸರಿಗೆ ಸೈಕಲ್ ಹುಚ್ಚು ಹಿಡಿಯಿತು. ಭಾನುವಾರ ಬೆಳಗಾದರೆ ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಒಂದು ತಂಡ, ಸಿದ್ಧಕಟ್ಟೆ ದಾಟಿ ಕಾರಿಂಜದ ಬಂಡೆಯ ಬುಡಕ್ಕೆ ಇನ್ನೊಂದು. ಬೆಳ್ತಂಗಡಿ ದಾರಿ ಹೊಸಬರಿಗೆ ಸರಿ. ಸಿದ್ಧಕಟ್ಟೆ ದಾರಿ ನೋಡಲು ಚಂದ, ಆದರೆ ಇಳಿಜಾರು ಮುಗಿಯುವಲ್ಲಿ ತಿರುವು, ತಿರುವಿನಲ್ಲೇ ಜನ. ಬ್ರೇಕ್ ಸರಿ ಇಲ್ಲದವರು ಆ ಕಡೆ ಹೋಗಬೇಡಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೆ.

ದಿನೇಶನ ಮನೆ ಆ ಇಳಿಜಾರಿನ ನೆತ್ತಿಯಲ್ಲೇ ಇತ್ತು. ಬಂಟ್ವಾಳದ ಒಂದು ಕಚೇರಿಯಲ್ಲಿ ಗುಮಾಸ್ತ, ನಲವತ್ತೆರಡು ವರ್ಷ. ಶುಗರ್ ಬಂದದ್ದರಿಂದ ಡಾಕ್ಟರು ಸೈಕಲ್ ತುಳಿಯಲು ಹೇಳಿದ್ದರು. ಸೈಕಲ್ ತೆಗೆಸಿಕೊಟ್ಟದ್ದು ಅವನ ಅಣ್ಣ ಜಗದೀಶ. ಹದಿನೆಂಟು ವರ್ಷ ಕುವೈತಿನ ಗ್ಯಾರೇಜಿನಲ್ಲಿ ದುಡಿದು ಬಂದವನು. ತಂದೆ ಇಲ್ಲದ ತಮ್ಮನನ್ನು ಓದಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಅವನೇ. ಸೈಕಲ್ ಆರಿಸಲು ಬಂದಾಗ ದಪ್ಪ ಟಯರು, ಹಿಂದೆ ಮುಂದೆ ಸ್ಪ್ರಿಂಗ್ ಇರುವುದರ ಮೇಲೇ ಅವನ ಕಣ್ಣು. ಆ ಸ್ಪ್ರಿಂಗ್ ತುಳಿಯುವವನ ಅರ್ಧ ಶಕ್ತಿಯನ್ನು ತಿನ್ನುತ್ತದೆ, ಹಗುರವಾದದ್ದು ಸಾಕು ಎಂದು ನಾನು ಹೇಳಿದೆ. ಲಾರಿ ಇಂಜಿನ್ ಬಿಚ್ಚಿದವನಿಗೆ ಸೈಕಲ್ ಪಾಠವೇ ಎಂದು ನಕ್ಕ. ಕೊನೆಗೆ ನಾವಿಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ: ಡಿಸ್ಕ್ ಬ್ರೇಕ್ ಇರಲೇಬೇಕು.

ಡಿಸ್ಕ್ ಬ್ರೇಕ್ ಎಂದರೆ ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು ಎರಡು ಸಣ್ಣ ಪ್ಯಾಡ್‌ಗಳು ಎರಡೂ ಬದಿಯಿಂದ ಕಚ್ಚಿ ಹಿಡಿಯುವುದು. ಮಳೆಗಾಲಕ್ಕೆ ಮುಂಚೆ ದಿನೇಶನ ಸೈಕಲ್ ಸರ್ವೀಸಿಗೆ ಬಂದಾಗ ಹಳೆಯ ಪ್ಯಾಡ್ ತೆಗೆದು ಮೆಟಲ್ ಪ್ಯಾಡ್ ಹಾಕಿದೆ. ಒದ್ದೆ ರಸ್ತೆಗೆ ಅದೇ ಗಟ್ಟಿ. ಆದರೆ ಹೊಸ ಮೆಟಲ್ ಪ್ಯಾಡ್ ಮೊದಮೊದಲು ಕಿವಿ ಹರಿಯುವಂತೆ ಕಿರುಚುತ್ತದೆ. ವೇಗದಲ್ಲಿ ಇಪ್ಪತ್ತು ಸಲ ಬ್ರೇಕ್ ಹಿಡಿದು ಬಿಟ್ಟು ಡಿಸ್ಕಿಗೆ ಒಗ್ಗಿಸಬೇಕು. ಬೆಡ್ಡಿಂಗ್ ಎನ್ನುವ ಈ ಕೆಲಸವನ್ನು ಅಂಗಡಿಯ ಹಿಂದಿನ ಇಳಿಜಾರಿನಲ್ಲಿ ನಾನೇ ಮಾಡಿ ಕೊಡುವುದು ಪದ್ಧತಿ. ಆ ಶನಿವಾರ ಸಂಜೆ ಅಂಗಡಿ ತುಂಬ ಜನ. ಜಗದೀಶ ರಸ್ತೆ ಬದಿಯಲ್ಲಿ ಪಿಕಪ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಲೇ ಇದ್ದ. ಹಿಂದಿನ ಬಸ್ಸಿನವನೂ ಶುರುಮಾಡಿದ. ನಾನು ಸೈಕಲ್ ಎತ್ತಿ ಪಿಕಪ್‌ಗೆ ಹಾಕಿದೆ, ಒಂದು ಮಾತೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ದಿನೇಶ ಇಳಿಜಾರಿಗೆ ಇಳಿದ. ಕೆಳಗಿನ ತಿರುವಿನಲ್ಲಿ ಹಾಲಿನ ಸೊಸೈಟಿ. ಸಂಜೀವಣ್ಣ ಎಂಬ ಅರವತ್ತು ದಾಟಿದ ಕೃಷಿಕರು ಹಾಲಿನ ಕ್ಯಾನ್ ಹಿಡಿದು ರಸ್ತೆ ದಾಟುತ್ತಿದ್ದರು. ದಿನೇಶ ಎರಡೂ ಬ್ರೇಕ್ ಒತ್ತಿದ, ಸೈಕಲ್ ನಿಲ್ಲಲಿಲ್ಲ. ಹ್ಯಾಂಡಲ್ಲಿನ ಕೊನೆ ಅವರ ಹೊಟ್ಟೆಗೆ ಹೊಕ್ಕಿತು, ತಲೆ ಮೋರಿಯ ಕಲ್ಲಿಗೆ ಬಡಿಯಿತು. ಹಾಲು, ರಕ್ತ ಒಟ್ಟಿಗೆ ರಸ್ತೆಯಲ್ಲಿ ಹರಿಯಿತು ಎಂದು ಕಂಡವರು ಹೇಳಿದರು. ಭಾನುವಾರದ ಸೈಕಲಿನವರ ಓಟ ಕಂಡು ಅಲ್ಲಿನವರಿಗೆ ಮೊದಲೇ ಮೈಯುರಿ ಇತ್ತು. ಐದಾರು ಮಂದಿ ಸೇರಿ ದಿನೇಶನನ್ನು ಕೆಡವಿದರು. ಅವನ ತಲೆಯ ಹೆಲ್ಮೆಟ್ ಕಿತ್ತು ಅದರಲ್ಲೇ ಮುಖಕ್ಕೆ ಹೊಡೆದರು. ದವಡೆ ಮುರಿಯಿತು, ನಾಲ್ಕು ಹಲ್ಲು ಹೋಯಿತು. ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಹೇಳಲು ನೋಡಿದನಂತೆ, ಯಾರಿಗೂ ಅರ್ಥವಾಗಲಿಲ್ಲ.

ಬುಧವಾರ ಸಂಜೀವಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡರು. ಈಗ ಅದು ಸಾವಿನ ಕೇಸು. ಅಜಾಗರೂಕತೆಯೆಂದು ಸಾಬೀತಾದರೆ ದಿನೇಶನಿಗೆ ಜೈಲು, ನೌಕರಿಗೂ ಕುತ್ತು. ಬ್ರೇಕೇ ಕೆಟ್ಟಿತ್ತೆಂದಾದರೆ ತಪ್ಪು ಸರ್ವೀಸ್ ಮಾಡಿದವನದ್ದು, ಅಂದರೆ ನನ್ನದು.

ಗುರುವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ತಿರುಗುವಷ್ಟರಲ್ಲಿ ಜಗದೀಶ ಒಳಗಿದ್ದ. ಮಾತಿಲ್ಲ ಕತೆಯಿಲ್ಲ. ಗೋಡೆಯಲ್ಲಿ ತೂಗುಹಾಕಿದ ಪೆಡಲ್ ಸ್ಪ್ಯಾನರ್ ತೆಗೆದ, ಒಂದು ಮೊಳ ಉದ್ದದ ಕಬ್ಬಿಣ ಅದು. ಮೇಜಿನ ಮೇಲಿದ್ದ ನನ್ನ ಬಲಗೈಗೆ ಬೀಸಿದ. ಎರಡು ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಎರಡನೇ ಏಟು ಹೆಗಲಿಗೆ, ಮೂರನೆಯದು ಕಪಾಟಿನ ಗಾಜಿಗೆ. ನಾನೂ ಹಾಲು ಕುಡಿಯುವ ಮಗುವಲ್ಲ. ಎಡಗೈಗೆ ಸಿಕ್ಕಿದ ಹಳೆಯ ಚೈನ್ ಎತ್ತಿ ಅವನ ಮುಖಕ್ಕೆ ಹೊಡೆದೆ, ಕಿವಿ ಸೀಳಿತು. ಕೊಲ್ಲಬೇಕೆಂದೇ ಹೊಡೆದೆ, ಸುಳ್ಳು ಯಾಕೆ ಹೇಳಲಿ? ಪಕ್ಕದ ಸೋಡಾ ಅಂಗಡಿಯವರು ಬಂದು ಬಿಡಿಸುವಾಗ ನಾವಿಬ್ಬರೂ ಗಾಜಿನ ಚೂರುಗಳ ಮೇಲೆ ಉರುಳಾಡುತ್ತಿದ್ದೆವು.

ಶುಕ್ರವಾರ ನಮ್ಮಿಬ್ಬರನ್ನೂ ಠಾಣೆಗೆ ಕರೆಸಿದರು. ಎಸ್.ಐ. ದಾವಣಗೆರೆ ಕಡೆಯವರು, ಹೊಸಬರು. ಸೈಕಲನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಎಲ್ಲರ ಎದುರಿಗೆ ಬ್ರೇಕ್ ಬಿಚ್ಚಿ ಏನಾಗಿದೆ ತೋರಿಸಿ ಎಂದರು. ಬ್ಯಾಂಡೇಜು ಸುತ್ತಿದ ಬಲಗೈ ತೋರಿಸಿದೆ. ಎಸ್.ಐ. ಒಮ್ಮೆ ನನ್ನ ಕೈ ನೋಡಿದರು, ಒಮ್ಮೆ ಹೊಲಿಗೆ ಹಾಕಿದ ಜಗದೀಶನ ಕಿವಿ ನೋಡಿದರು.

"ಮುರಿದೋನೇ ಬಿಚ್ಚಲಿ ಬಿಡ್ರಿ. ನೀವು ಬಾಯಲ್ಲಿ ಹೇಳಿ, ಅವನು ಕೈಯಲ್ಲಿ ಮಾಡ್ಲಿ."

ಹಾಗೇ ಆಯಿತು. ಕೇಬಲ್ ನೋಡಿಸಿದೆ, ಬಿಗಿಯಾಗಿತ್ತು. ಬೋಲ್ಟ್ ನೋಡಿಸಿದೆ, ಅಲುಗಲಿಲ್ಲ. ಪ್ಯಾಡ್ ಹೊರಗೆಳೆಸಿದೆ, ಸವೆದೇ ಇರಲಿಲ್ಲ. ಅದರ ಮುಖ ಮಾತ್ರ ಮಿರಮಿರ ಹೊಳೆಯುತ್ತಿತ್ತು. ಅದನ್ನು ಕಂಡ ಕ್ಷಣ ನನಗೆ ಹೊಳೆಯಿತು. ಎಣ್ಣೆ ಕುಡಿದ ಪ್ಯಾಡನ್ನು ಬಿಸಿ ಮಾಡಿದರೆ ಒಳಗಿನ ಎಣ್ಣೆ ಹೊರಗೆ ಬರುತ್ತದೆ. ಠಾಣೆಯ ಚಹಾದ ಸ್ಟೌವ್ ಹೊತ್ತಿಸಲು ಹೇಳಿದೆ. ಜಗದೀಶ ಪ್ಯಾಡನ್ನು ಇಕ್ಕುಳದಲ್ಲಿ ಹಿಡಿದು ಬೆಂಕಿಯ ಮೇಲೆ ಇಟ್ಟ. ಅರ್ಧ ನಿಮಿಷ ಆಗಿರಬೇಕು, ಅದರ ಮೈಯಲ್ಲಿ ಹನಿ ಒಡೆಯಿತು, ಹೊಗೆ ಎದ್ದಿತು. ಒಗ್ಗರಣೆಗೆ ಇಟ್ಟ ತೆಂಗಿನೆಣ್ಣೆಯ ವಾಸನೆ ಅಂಗಳ ತುಂಬ ಹರಡಿತು.

ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆ. ತಲೆಗೆ, ಸುಟ್ಟ ಗಾಯಕ್ಕೆ, ಕಿರಗುಟ್ಟುವ ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ. ಹಿಂದಿನ ಕಾಲದ ಸೈಕಲ್ಲಿಗೂ ಅದನ್ನೇ ಬಿಡುತ್ತಿದ್ದೆವು, ಏನೂ ಆಗುತ್ತಿರಲಿಲ್ಲ. ಡಿಸ್ಕಿಗೆ ಮಾತ್ರ ಅದು ವಿಷ.

ಜಗದೀಶನ ಮುಖ ಬಿಳುಚಿತು. ಇಕ್ಕುಳ ಕೆಳಗೆ ಬಿತ್ತು. ಅವನು ಬಗ್ಗಿ ಆ ಬಿಸಿ ಪ್ಯಾಡನ್ನು ಬರಿಗೈಯಲ್ಲಿ ಹೆಕ್ಕಿ ಮುಷ್ಟಿ ಕಟ್ಟಿದ. ಚರ್ಮ ಸುಟ್ಟರೂ ಬಿಡಲಿಲ್ಲ. ಇಬ್ಬರು ಪೊಲೀಸರು ಬೆರಳು ಬಿಡಿಸಬೇಕಾಯಿತು.

"ನಾನೇ ಹಾಕಿದ್ದು ಸರ್," ಎಂದ. "ಆ ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಅಂಗಳದಲ್ಲಿ ಒಂದು ಸುತ್ತು ಬಂದ, ಬ್ರೇಕ್ ಕಿರುಚಿತು. ನಾನು ಎರಡೆರಡು ಹನಿ ಬಿಟ್ಟೆ. ಶಬ್ದ ನಿಂತಿತು, ಇನ್ನು ಹೋಗು ಅಂದೆ ಅವನಿಗೆ."

ಎಸ್.ಐ. ನನ್ನ ಹೇಳಿಕೆ ಬರೆಸಿಕೊಂಡರು. ಬ್ರೇಕ್ ಜೋಡಣೆ ಸರಿಯಾಗಿತ್ತು, ಎಣ್ಣೆ ಹಾಕಿದ್ದರಿಂದ ಹಿಡಿಯಲಿಲ್ಲ. ಎಡಗೈಯಲ್ಲಿ ಸೊಟ್ಟ ಸೊಟ್ಟ ಸಹಿ ಹಾಕಿದೆ. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಯಿತು. ನನ್ನ ಬೆರಳು ಮುರಿದವನ ಅಂಗೈ ಸುಟ್ಟಿತ್ತು, ನನ್ನ ಹೆಸರು ಉಳಿದಿತ್ತು. ಗೇಟಿನ ಹತ್ತಿರ ಜಗದೀಶ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಬೈಯುತ್ತಾನೆ ಎಂದುಕೊಂಡೆ. ಅವನು ತಲೆ ಎತ್ತದೆ ತುಳುವಿನಲ್ಲಿ ಮೆಲ್ಲಗೆ ಕೇಳಿದ: ಅದು ಕಿರುಚುತ್ತದೆ, ಎಣ್ಣೆ ಹಾಕಬೇಡಿ ಎಂದು ನನಗೆ ಯಾರಾದರೂ ಹೇಳಿದ್ದರಾ?

ಹತ್ತು ಹೆಜ್ಜೆ ನಡೆದೆ. ತಿರುಗಿ ಒಳಗೆ ಹೋಗಿ, ಇನ್ನೊಂದು ವಾಕ್ಯ ಸೇರಿಸಿ ಎಂದೆ. ಬೆಡ್ಡಿಂಗ್ ಮಾಡದೆ ಸೈಕಲ್ ಕೊಟ್ಟೆ, ಎಚ್ಚರಿಕೆ ಹೇಳಲಿಲ್ಲ. ಸುಮ್ಮನೆ ಮೈಮೇಲೆ ಇರುವೆ ಬಿಟ್ಟುಕೊಳ್ಳಬೇಡಿ, ಮನೆಗೆ ಹೋಗಿ ಎಂದು ಎಸ್.ಐ. ಗದರಿದರು. ನಾನು ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಬರೆದುಕೊಂಡರು. ಕೇಸಿನಲ್ಲಿ ದಿನೇಶನ ಜೊತೆ ನಮ್ಮಿಬ್ಬರ ಹೆಸರೂ ಸೇರಿತು. ಕೋರ್ಟಿಗೆ ಮೂವರೂ ಅಲೆದೆವು. ದಿನೇಶ ಬಿಡುಗಡೆಯಾದ, ನಮಗಿಬ್ಬರಿಗೆ ದಂಡವಾಯಿತು. ನನ್ನ ಬೆರಳು ಕೂಡಿದರೂ ಸ್ಪೋಕ್ ಬಿಗಿಸುವಷ್ಟು ಹಿಡಿತ ಮತ್ತೆ ಬರಲಿಲ್ಲ.

ಅಂದಿನಿಂದ ನನ್ನ ಅಂಗಡಿಯಲ್ಲಿ ಒಂದು ನಿಯಮ. ಬ್ರೇಕ್ ಕೆಲಸ ಮಾಡಿಸಿದವರು ನಾನು ಹೇಳಿದ್ದನ್ನು ತಿರುಗಿ ಹೇಳದೆ ಸೈಕಲ್ ಕೊಂಡುಹೋಗುವಂತಿಲ್ಲ. ನಗುತ್ತಾರೆ, ಮಾಸ್ತರು ಎನ್ನುತ್ತಾರೆ, ಎನ್ನಲಿ. ಕೆಲಸ ಮುಗಿಯುವುದು ಸ್ಪ್ಯಾನರ್ ಕೆಳಗಿಟ್ಟಾಗ ಅಲ್ಲ, ತೆಗೆದುಕೊಂಡು ಹೋಗುವವನಿಗೆ ವಿಷಯ ಗೊತ್ತಾದಾಗ. ಇದನ್ನು ಕಲಿಯಲು ನನಗೆ ಇಪ್ಪತ್ತಾರು ವರ್ಷ ಸಾಕಾಗಲಿಲ್ಲ, ಒಬ್ಬರ ಪ್ರಾಣ ಬೇಕಾಯಿತು.

ಕೋರ್ಟು ಶುರುವಾಗುವ ಮುಂಚೆಯೇ, ಬೊಜ್ಜದ ಉತ್ತರಕ್ರಿಯೆ ಕಳೆದ ಮೇಲೆ, ಸಂಜೀವಣ್ಣನ ಮನೆಗೆ ಹೋಗಿದ್ದೆ. ಕೈ ಮುಗಿದು, ನಡೆದದ್ದನ್ನೆಲ್ಲ ಅವರ ಮಗಳಿಗೆ ಹೇಳಿದೆ. ಹೊಡೆಯುವುದಾದರೆ ಹೊಡೆಯಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದೆ. ಆಕೆ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ಎಣ್ಣೆ ಹಾಕದಿದ್ದರೆ ಅದು ಕಿರುಚ್ತಾ ಬರ್ತಿತ್ತಲ್ಲ ಅಣ್ಣ? ಅಪ್ಪನಿಗೆ ಕಿವಿ ಸರಿ ಇತ್ತು."

ಹೌದು ಎಂದೆ.