ಕಾರ್ಡಿನಲ್ಲಿ ಬರೆಯದೇ ಬಿಟ್ಟ ಮಾತು

ಯಾದಗಿರಿಯಿಂದ ಹೊರಟ ಬಸ್ಸು ಶಹಾಪುರ ಮುಟ್ಟುವಷ್ಟರಲ್ಲಿ ಸೊಸೆಯೊಬ್ಬಳ ಕಷ್ಟ ಬಸ್ಸಿಗೆಲ್ಲ ಗೊತ್ತಾಗಿತ್ತು. ಹೇಳಿದವರು ಯಾರು? ಅವಳ ಅತ್ತೆ.

"ಲಗ್ನಾಗಿ ಐದು ವರ್ಷಾತ್ರಿ. ಇನ್ನೂ ಮಡಿಲು ತುಂಬಿಲ್ಲ."

ಸೊಸೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಕುರಿ ಸಾಕುವ ಮನೆಯವರು. ನಾನು ಮಾಸ್ತರಿಕೆ ಮಾಡುವ ಊರಿನವರೇ. (ಊರಿನ ಹೆಸರು ಬೇಕೆಂದೇ ಬಿಟ್ಟಿದ್ದೇನೆ.) ನಿಜಾಮರ ಕಾಲ ಮುಗಿದು ಸ್ಕೂಲಿನ ಕಾಗದಪತ್ರ ಉರ್ದುವಿನಿಂದ ಕನ್ನಡಕ್ಕೆ ಬರುತ್ತಿವೆಯಲ್ಲ, ಆ ಕೆಲಸಕ್ಕೆ ಯಾದಗಿರಿಗೆ ಹೋಗಿದ್ದೆ.

ಸೊಸೆಯ ಪಕ್ಕದಲ್ಲಿದ್ದವರು ಸುರಪುರದ ದವಾಖಾನೆಯ ನರ್ಸಬಾಯಿ. "ಈ ಸಲ ಕುರಿ ಎಷ್ಟು ಮರಿ ಹಾಕ್ಯಾವ್ರಿ ಅವ್ವಾರ?" ಎಂದು ಅತ್ತೆಯ ಮಾತು ತಿರುಗಿಸಿದರು. ಆಮೇಲೆ ಹುಡುಗಿಯ ಜೊತೆ ಮೆಲ್ಲಗೆ ಏನೋ ಮಾತಾಡಿದರು.

ಶಹಾಪುರದಲ್ಲಿ ನಾವಿಳಿಯುವಾಗ ಕಂಬಳಿ ವ್ಯಾಪಾರಿಯೊಬ್ಬ ನರ್ಸಬಾಯಿಯನ್ನು ಕೇಳಿದ, "ನಿಮ್ಮ ಮನಿ ಎಲ್ಲೈತ್ರಿ ಬಾಯಾರ?"

"ದವಾಖಾನಿ ಎಲ್ಲಾರಿಗೂ ಗೊತ್ತೈತ್ರಿ. ಅಲ್ಲಿಗೇ ಬರ್ರಿ," ಅಂದರು. ಮುಖದಲ್ಲಿ ನಗು ಇತ್ತು. ಮನೆಯ ವಿಳಾಸ ಮಾತ್ರ ಸಿಗಲಿಲ್ಲ. ನನ್ನಿಂದ ಸ್ಕೂಲಿನ ವಿಳಾಸ ಬರೆದುಕೊಂಡರು.

ಎರಡು ವಾರಕ್ಕೆ ಸ್ಕೂಲಿನ ವಿಳಾಸಕ್ಕೆ ಆ ಸೊಸೆಯ ಹೆಸರಿನಲ್ಲಿ ಒಂದು ಕಾರ್ಡು ಬಂತು. ಆ ಮನೆಯಲ್ಲಿ ಓದು ಬಲ್ಲವರಿಲ್ಲ. ಅತ್ತೆ ಸೊಸೆಯನ್ನು ಕರೆದುಕೊಂಡೇ ಬಂದರು. ಸ್ಕೂಲಿನ ಕಟ್ಟೆಯ ಮೇಲೆ ಹತ್ತು ಜನ ಕಿವಿ ನೆಟ್ಟು ಕೂತರು. ಓದಿದೆ:

"ತಂಗಿ, ಆರಾಮಿದ್ದಿ ಏನು? ಗುರುವಾರ ಗಂಡನ ಜೋಡಿ ಬಂದು ಹೋಗು. ನಿನ್ನ ಬಸ್ಸಿನ ಅಕ್ಕ."

"ಇಷ್ಟೇ ಏನ್ರಿ?" ಅತ್ತೆ ಕೇಳಿದರು.

ಇಷ್ಟೇ. ಪೋಸ್ಟ್‌ಮನ್ ಓದಲಿ, ಊರೇ ಓದಲಿ, ಯಾರಿಗೆ ಏನು ಸಿಗುತ್ತದೆ? ಆದರೆ ಆ ಹುಡುಗಿಗೆ ಸಿಕ್ಕಿತ್ತು. ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಗುರುವಾರ ಗಂಡ ಹೆಂಡತಿ ಸುರಪುರಕ್ಕೆ ಹೋಗಿ ಬಂದರು. ಮರುದಿನ ಕುರಿಹಟ್ಟಿಯ ಮುಂದೆ ಗಂಡ ತಾಯಿಗೆ ಅಂದದ್ದನ್ನು ನಾನೇ ಕೇಳಿದೆ: "ಅವ್ವಾ, ಮಕ್ಕಳ ಸುದ್ದಿ ಇನ್ಮ್ಯಾಲ ನನ್ನ ಕೇಳು. ಆಕಿನ್ನ ಕೇಳಬ್ಯಾಡ." ಅಂದಿನಿಂದ ಅತ್ತೆ ಆ ಮಾತು ಎತ್ತಿಲ್ಲ. ಹುಡುಗಿ ಈಗ ಬಾವಿಕಟ್ಟೆಯಲ್ಲಿ ನಾಲ್ಕು ಜನರ ಜೊತೆ ನಿಂತು ನಗುತ್ತಾಳೆ.

ಹೋದ ವಾರ ಸುರಪುರದಲ್ಲಿ ನರ್ಸಬಾಯಿ ಸಿಕ್ಕರು. ತಡೆಯಲಾಗಲಿಲ್ಲ. (ಬರೆಯುವವನ ಚಟ!) "ಏನಾಗಿತ್ರಿ ಅವರಿಗೆ?" ಅಂದೆ.

"ಆಕಿ ಮಾತು ಆಕೀನೇ ಹೇಳ್ಬೇಕ್ರಿ, ಮಾಸ್ತರ್ರ. ಕೂಡ್ರಿ, ಚಹಾ ಕುಡೀರಿ."

ಚಹಾ ಕುಡಿದು ಬಂದೆ. ನಾಚಿಕೆಯೂ ಆಯಿತು, ಅವರ ಮೇಲಿನ ಗೌರವವೂ ಹೆಚ್ಚಿತು.

ದಾರಿಯಲ್ಲಿ ಸಿಕ್ಕವರ ಕ್ಷೇಮ ವಿಚಾರಿಸುವುದು ನಮಗೆಲ್ಲ ಬರುತ್ತದೆ; ಎಲ್ಲಿ ನಿಲ್ಲಿಸಬೇಕು ಅನ್ನುವುದು ಎಷ್ಟು ಜನರಿಗೆ ಗೊತ್ತು?